ಐಸಿಯು ಸೇರಿದ ಮಕ್ಕಳ ಫ್ಲೂ ಸ್ಟಡಿ ಓದೋದು ಹೇಗೆ? ಕಾರವಾರದಿಂದ ಒಂದಿಷ್ಟು ನೋಟ್ಸ್

ಫ್ಲೂ ಬಂದ ಮಕ್ಕಳಲ್ಲಿ ಹೆಚ್ಚಿನವ್ರು ಮನೇಲೇ ಗಂಜಿ ಕುಡ್ಕೊಂಡು ಹುಷಾರಾಗ್ತಾರೆ, ಮಕ್ಕಳ ಐಸಿಯುವರೆಗೆ ಹೋಗೋದು ತೀರಾ ಕಡಿಮೆ. ಹಾಗಾಗಿ ಒಂದೇ ಆಸ್ಪತ್ರೇಲಿ ಕೂತು ಸ್ಟಡಿ ಮಾಡ್ತೀನಿ ಅಂದ್ರೆ ಲೆಕ್ಕಕ್ಕೆ ಸಾಲೋಷ್ಟು ಕೇಸೇ ಸಿಗೋದಿಲ್ಲ. 2009ರ ಎಚ್1ಎನ್1 ಸಮಯದಲ್ಲಿ ಅಮೆರಿಕದಲ್ಲಿ ಮಕ್ಕಳ 35 ಐಸಿಯುಗಳು ಸೇರಿ ಒಂದು ವರ್ಷದಲ್ಲಿ 838 ಮಕ್ಕಳ ಮಾಹಿತಿ ಕೂಡಿಸಿದ್ರು, ಬಾಸ್ಟನ್ನಿನ ಮಕ್ಕಳ ಐಸಿಯು ಡಾಕ್ಟರು ಏಡ್ರಿಯನ್ ರಾಂಡಾಲ್ಫ್ ಅದರ ಮುಂದಾಳು. 75 ಮಕ್ಕಳು ತೀರಿಕೊಂಡ್ರು, ಅಂದ್ರೆ 8.9%. ಸುಮಾರು 70% ಮಕ್ಕಳಿಗೆ ಆಸ್ತಮಾ, ನರದ ತೊಂದ್ರೆ ಹೀಗೆ ಮೊದಲಿಂದ ಏನಾದ್ರೂ ಕಾಯಿಲೆ ಇತ್ತು. ಇದನ್ನೇ ತಿರುಗಿಸಿ ಓದಿ, ಉಳಿದ 30% ಚೆನ್ನಾಗಿ ಆಡ್ಕೊಂಡಿದ್ದ ಮಕ್ಕಳು! ನನಗೆ ಇಡೀ ಪೇಪರಲ್ಲಿ ಮುಖ್ಯ ಅನಿಸಿದ್ದು ಇದೇ.

ಈ ಆರೋಗ್ಯವಂತ ಮಕ್ಕಳಲ್ಲಿ ಸಾವಿನ ಅಪಾಯದ ಜೊತೆ ತಳುಕು ಹಾಕ್ಕೊಂಡು ಎದ್ದು ಕಂಡಿದ್ದು ಎಮ್ಆರ್‌ಎಸ್ಎ, ಅಂದ್ರೆ ಮಾಮೂಲಿ ಆಂಟಿಬಯೋಟಿಕ್ಕಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ, ಫ್ಲೂ ಜೊತೆಗೇ ಶ್ವಾಸಕೋಶಕ್ಕೆ ಇಳಿಯೋದು. ಅದೇ ತಂಡದವ್ರು ಆಮೇಲೆ 2008ರಿಂದ 2016ರವರೆಗಿನ 170 ಮಕ್ಕಳನ್ನ ನೋಡಿದಾಗ ಎಮ್ಆರ್‌ಎಸ್ಎ ಸೇರಿಕೊಂಡ 30 ಮಕ್ಕಳಲ್ಲಿ ಸಾವು 40%, ಉಳಿದವ್ರಲ್ಲಿ 4.3%. ಆಸ್ಪತ್ರೆ ಸೇರಿದ 24 ಗಂಟೆಯೊಳಗೆ ಇದಕ್ಕೆ ಕೊಡೋ ವ್ಯಾಂಕೋಮೈಸಿನ್ ಅನ್ನೋ ಆಂಟಿಬಯೋಟಿಕ್ ಒಂದನ್ನೇ ಕೊಟ್ಟ 13 ಮಕ್ಕಳಲ್ಲಿ 9 ಸಾವು, ಅದರ ಜೊತೆ ಇನ್ನೊಂದು ಎಮ್ಆರ್‌ಎಸ್ಎ ಔಷಧಿನೂ ಸೇರಿಸಿದ 16ರಲ್ಲಿ 2. ಹಾಗಾದ್ರೆ ಎರಡನೇ ಔಷಧಿನೇ ಉಳಿಸ್ತು ಅನ್ನೋಣ್ವಾ? ಸ್ವಲ್ಪ ತಡೀರಿ. ಯಾವ ಮಗುವಿಗೆ ಏನು ಕೊಡ್ಬೇಕು ಅಂತ ಚೀಟಿ ಎತ್ತಿ ಹಂಚಿದ್ದಲ್ಲ, ಡಾಕ್ಟರು ಮಗುವನ್ನ ನೋಡಿ ತೀರ್ಮಾನ ಮಾಡಿದ್ದು, ಮೇಲಿಂದ ಸಂಖ್ಯೆನೂ ಚಿಕ್ಕದು. ಸುಳಿವು ಬಲವಾಗಿದೆ, ಅಷ್ಟು ಬರೀರಿ ಸಾಕು.

ಈಗ ಲಸಿಕೆ. 2010-12ರ ಎರಡು ಸೀಸನ್ನಿನ ಸ್ಟಡೀಲಿ ಫ್ಲೂ ಆಗಿ ಐಸಿಯು ಸೇರಿದ 44 ಮಕ್ಕಳನ್ನ ಎರಡು ಗುಂಪಿನ ಜೊತೆ ಹೋಲಿಸಿದ್ರು. ಒಂದು, ಅದೇ ಐಸಿಯುಗಳಲ್ಲಿದ್ದು ಫ್ಲೂ ಟೆಸ್ಟ್ ನೆಗೆಟಿವ್ ಬಂದ ಮಕ್ಕಳು, ಇನ್ನೊಂದು ಆಸ್ಪತ್ರೆ ಸೇರದೆ ಊರಲ್ಲೇ ಇದ್ದ ಮಕ್ಕಳು. ಮೊದಲನೇ ಹೋಲಿಕೇಲಿ ಲಸಿಕೆ ಪರಿಣಾಮ 74%, ಎರಡನೇದ್ರಲ್ಲಿ 82%, ಅಂದ್ರೆ ಪೂರ್ತಿ ಲಸಿಕೆ ತಗೊಂಡ ಮಗು ಫ್ಲೂ ಆಗಿ ಐಸಿಯು ಸೇರೋ ಸಾಧ್ಯತೆ ಅಷ್ಟು ಕಡಿಮೆ. ಲಸಿಕೆ ಅದೇ, ಕೇಸುಗಳೂ ಅವೇ, ಉತ್ತರ ಮಾತ್ರ ಬೇರೆ. ಟೆಸ್ಟ್ ನೆಗೆಟಿವ್ ಗುಂಪು ಯಾಕೆ ಬೇಕು ಅಂದ್ರೆ ಮಗುಗೆ ಲಸಿಕೆ ಹಾಕಿಸೋ ಅಪ್ಪ ಅಮ್ಮ ಬೇಗ ಆಸ್ಪತ್ರೆಗೂ ಓಡ್ತಾರೆ, ಎರಡೂ ಗುಂಪಿನ ಮಕ್ಕಳು ಐಸಿಯುವರೆಗೆ ಬಂದವ್ರೇ ಆದ್ರೆ ಆ ವ್ಯತ್ಯಾಸ ಸ್ವಲ್ಪ ತಗ್ಗತದೆ, ಪೂರ್ತಿ ಹೋಗೋದಿಲ್ಲ. ಇನ್ನೊಂದು, ‘ಪೂರ್ತಿ ಲಸಿಕೆ’ ಅಂದ್ರೇನು ಅಂತ ಪೇಪರಲ್ಲಿ ಹುಡುಕಿ, 9 ವರ್ಷದೊಳಗಿನ ಮಗು ಮೊದಲ ಸಲ ತಗೊಳ್ತಿದ್ರೆ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು, ಒಂದೇ ತಗೊಂಡ ಮಗುವನ್ನ ಎಲ್ಲಿ ಸೇರಿಸಿದ್ರು ಅನ್ನೋದ್ರ ಮೇಲೆ ಲೆಕ್ಕ ಬದಲಾಗ್ತದೆ.

ಇದನ್ನೇ ನಮ್ಮ ಜಿಲ್ಲೇಲಿ ಮಾಡಿದ್ರೆ? ಅಮೆರಿಕದವರ ಫ್ಲೂ ಸೀಸನ್ ಚಳಿಗಾಲ, ನಮ್ಮಲ್ಲಿ ಮಳೆಗಾಲದಲ್ಲೂ ಫ್ಲೂ ಏರ್ತದೆ, ಅದಕ್ಕೇ ಇಲ್ಲಿ ಮಳೆಗೆ ಮುಂಚೆ ಲಸಿಕೆ ಅಂತಾರೆ. ಅಕ್ಟೋಬರಿಂದ ಎಣಿಸೋಕೆ ಶುರು ಮಾಡಿದ್ರೆ ಮಳೆಗಾಲದ ಕೇಸು ಹೊರಗೇ ಉಳೀತವೆ. ಇನ್ನು ಭಟ್ಕಳ, ಹೊನ್ನಾವರದವ್ರು ಸೀರಿಯಸ್ ಆದ್ರೆ ಮಣಿಪಾಲಕ್ಕೆ ಓಡ್ತಾರೆ, ಶಿರಸಿ ಯಲ್ಲಾಪುರದವ್ರು ಹುಬ್ಬಳ್ಳಿಗೆ, ಕಾರವಾರದವ್ರು ಕೆಲವ್ರು ಗೋವಾಕ್ಕೆ. ಮಣಿಪಾಲದ್ದೊಂದೇ ರಿಜಿಸ್ಟರ್ ಹಿಡಿದು ‘ಉತ್ತರ ಕನ್ನಡದ ಮಕ್ಕಳು’ ಅಂತ ಹೆಡ್ಡಿಂಗ್ ಹಾಕೋಕೆ ಬರೋದಿಲ್ಲ ಮಾರಾಯ್ರೆ. ದಾರೀಲೇ ಜೀವ ಹೋದ ಮಗು, ಆಂಬುಲೆನ್ಸಿಗೆ ದುಡ್ಡು ಹೊಂದಿಸೋಕಾಗದೆ ತಾಲೂಕಾಸ್ಪತ್ರೇಲೇ ಉಳಿದ ಮಗು ಯಾವ ಐಸಿಯು ಲೆಕ್ಕದಲ್ಲೂ ಇರೋದಿಲ್ಲ. ಹಾಗಾಗಿ ಪ್ರಾಜೆಕ್ಟ್ ಪ್ರಪೋಸಲ್ ಬರೆಯೋವ್ರು ಮೂರೂ ಕಡೆಯ ರಿಜಿಸ್ಟರ್ ಜೊತೆಗೆ ತಾಲೂಕಾಸ್ಪತ್ರೆಗಳ ರೆಫರಲ್ ಪುಸ್ತಕನೂ ಕೇಳಿ.