ಧ್ಯಾನ ಕೂರದಿದ್ದರೆ ಬಾಯಿಬಿಟ್ಟು ಹೇಳಿ

"ಡಾಕ್ಟ್ರೇ, ಎಲ್ಲರೂ ಧ್ಯಾನ ಮಾಡಿ ಅಂತಾರೆ, ನನಗೆ ಕಣ್ಣು ಮುಚ್ಚಿದರೆ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳುತ್ತೆ." ಆತಂಕದ ಕಾಯಿಲೆ ಇರುವವರಿಂದ ಪದೇಪದೇ ಕೇಳುವ ಮಾತಿದು. ಅವರ ಗಮನ ಮೊದಲೇ ಎದೆಬಡಿತಕ್ಕೆ ಕಾವಲು ಕೂತಿರುತ್ತದೆ. ಸುಮ್ನೆ ಕೂತರೆ ಕಾವಲು ಇನ್ನೂ ಬಿಗಿ. ಅಂಥವರಿಗೆ ನಾನು ಹೇಳುವುದು, ಮೌನ ಆಮೇಲೆ ನೋಡೋಣ, ಮೊದಲು ದನಿ ತೆಗೆದು ಜಪ ಮಾಡಿ.

ಜಪ ಮಾಡುವಾಗ ಒಂದು ಸಾಲು ಮುಗಿಯುವ ತನಕ ಉಸಿರು ನಿಧಾನವಾಗಿ ಹೊರಗೆ ಹೋಗುತ್ತಲೇ ಇರಬೇಕು, ಸಾಲು ಮುಗಿದ ಮೇಲಷ್ಟೇ ಒಳಗೆಳೆದುಕೊಳ್ಳಲು ಬಿಡುವು, ಹಾಗಾಗಿ ಎಣಿಸುವ ಕಷ್ಟವಿಲ್ಲದೆ ಉಸಿರು ಬಿಡುವ ಹೊತ್ತು ಉದ್ದವಾಗುತ್ತದೆ. ಆಗ ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರದ ಪ್ರಭಾವ ಹೆಚ್ಚಿ ಬಡಿತ ಇಳಿಯುತ್ತದೆ. ಬೇಕಿದ್ದರೆ ನಾಡಿ ಹಿಡಿದು ನೋಡಿ: ಉಸಿರು ಎಳೆದಾಗ ಚುರುಕು, ಬಿಟ್ಟಾಗ ನಿಧಾನ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ತಂಡ 23 ಜನರಲ್ಲಿ ಇದನ್ನು ಅಳೆಯಿತು. 'ಓಂ ಮಣಿ ಪದ್ಮೇ ಹೂಂ' ಹೇಳಿದರೂ, ಲ್ಯಾಟಿನ್‌ನಲ್ಲಿ ಜಪಸರದ ಪ್ರಾರ್ಥನೆ ಹೇಳಿದರೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸಾಮಾನ್ಯವಾಗಿ ಅದು 12ರಿಂದ 20. ಮಂತ್ರ ಯಾವ ಧರ್ಮದ್ದು ಅಂತ ಹೃದಯ ಕೇಳಲಿಲ್ಲ!

ಹಾಗಂತ ಎಲ್ಲವೂ ಬರೀ ಉಸಿರಿನ ಆಟ ಅಂತಲೂ ಹೇಳಲಾರೆ. 2011ರಲ್ಲಿ ನಿಮ್ಹಾನ್ಸ್‌ನವರು ಮೆದುಳಿನ ಸ್ಕ್ಯಾನ್ ಮಾಡಿದಾಗ, 'ಓಂ' ಹೇಳುವಾಗ ಭಯಕ್ಕೆ ಸಂಬಂಧಪಟ್ಟ ಮೆದುಳಿನ ಭಾಗ ಅಮಿಗ್ಡಲಾ ತಣ್ಣಗಾಗಿತ್ತು, 'ಸ್ಸ್ಸ್' ಅಂದಾಗ ಹಾಗಾಗಲಿಲ್ಲ. ಅಧ್ಯಯನ ಚಿಕ್ಕದು, ಆದರೆ ಕುತೂಹಲದ್ದು.

ಆಸನಗಳಿಂದ ಮೈ ಬಿಗಿತ ಸಡಿಲಾಗಿ ನಿದ್ದೆ ಸುಧಾರಿಸಬಹುದು, ಅದರಲ್ಲಿ ಹೊಸದೇನಿಲ್ಲ. ಎಡವಟ್ಟಾಗುವುದು ಪ್ರಾಣಾಯಾಮದಲ್ಲಿ. ಪ್ಯಾನಿಕ್, ಅಂದರೆ ದಿಢೀರ್ ಭಯದ ದಾಳಿ, ಬರುವವರು ಜೋಶ್‌ನಲ್ಲಿ ಭಸ್ತ್ರಿಕಾ ಶುರು ಮಾಡುತ್ತಾರೆ, ವೇಗದ ಉಸಿರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹೆದರಿಕೊಂಡು ಮತ್ತೆ ಪ್ಯಾನಿಕ್. ಅವರಿಗೆ ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿ ವಾಸಿ.

ಇನ್ನು ಮಾತ್ರೆ ಬಿಟ್ಟು ಯೋಗ ಮಾಡ್ಲಾ ಅಂತ ಕೇಳುವವರಿಗೆ. 2020ರಲ್ಲಿ ಆತಂಕದ ಕಾಯಿಲೆ ಇದ್ದ 226 ಜನರ ಅಧ್ಯಯನವೊಂದು ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ಶೇ. 54 ಮಂದಿ ಸುಧಾರಿಸಿದರು, ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 71, ಒತ್ತಡದ ಬಗ್ಗೆ ಪಾಠವಷ್ಟೇ ಕೇಳಿದವರಲ್ಲಿ ಶೇ. 33. ಯೋಗಕ್ಕೆ ಫಲವಿದೆ, ಆದರೆ ಚಿಕಿತ್ಸೆಯ ಜಾಗಕ್ಕೆ ಅದನ್ನು ತಂದು ಕೂರಿಸಬೇಡಿ. ಮಾತ್ರೆ ಇಳಿಸುವುದಿದ್ದರೆ ಬರೆದುಕೊಟ್ಟವರನ್ನು ಕೇಳಿಯೇ ಇಳಿಸಿ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಜಾರುವ ಕಾಯಿಲೆ) ಇರುವವರು ದಿನಗಟ್ಟಲೆ ಮೌನ ಶಿಬಿರಕ್ಕೆ ಹೋಗುವ ಮುಂಚೆಯೂ ಅಷ್ಟೇ, ವೈದ್ಯರನ್ನು ಒಂದು ಮಾತು ಕೇಳಿ.