ಗಲಾಪಗೋಸ್‌ನ ನೀರುಕಾಗೆ: ಎಣಿಕೆ ಏರಿದರೂ ಅಪಾಯದ ಪಟ್ಟಿಯಲ್ಲೇಕೆ?

ರಂಗನತಿಟ್ಟಿನಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯುವುದನ್ನು ನೋಡಿದ್ದೀರಷ್ಟೆ? ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿರುವ ಅವುಗಳ ನೆಂಟನೂ ಮುಳುಗೆದ್ದು ಬಂದು ಹಾಗೇ ನಿಲ್ಲುತ್ತದೆ. ಆದರೆ ಹರವುವುದಕ್ಕೆ ಇರುವುದು ಹರಿದ ಬೀಸಣಿಗೆಯಂಥ ಎರಡು ಮೋಟು ರೆಕ್ಕೆ. ಹಾರಲು ಬೇಕಾದ ಅಳತೆಯಲ್ಲಿ ಮೂರನೇ ಒಂದು ಪಾಲು ಮಾತ್ರ. ಹಾರಾಟದ ಸ್ನಾಯುಗಳನ್ನು ಹಿಡಿದಿಡುವ ಎದೆಮೂಳೆಯ ಏಣೂ ಕುಗ್ಗಿದೆ. ತೂಕವೋ, ಐದು ಕಿಲೋವರೆಗೆ. ನೀರೊಳಗೆ ಈಜುವುದೆಲ್ಲ ಕಾಲಿನಿಂದಲೇ.

1835ರಲ್ಲಿ ಡಾರ್ವಿನ್ ಬಂದುಹೋದ 60 ವರ್ಷಗಳಾಚೆ, 1898ರಲ್ಲಿ, ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ವಾಲ್ಟರ್ ರಾತ್ಸ್‌ಚೈಲ್ಡ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಇದು ಸಿಗುವುದು ಫರ್ನಾಂಡಿನಾ ದ್ವೀಪದಲ್ಲಿ ಮತ್ತು ಇಸಬೆಲಾದ ಉತ್ತರ, ಪಶ್ಚಿಮ ಅಂಚಿನಲ್ಲಿ ಮಾತ್ರ. ಸಮುದ್ರದಡಿಯ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳಿಗೆ ಬಡಿದು ತಣ್ಣೀರನ್ನು ಮೇಲೆತ್ತುತ್ತದೆ. ಅದರಿಂದ ದಡದ ಬುಡದಲ್ಲೇ ಹಾವುಮೀನು, ಆಕ್ಟೋಪಸ್ ಹೇರಳ. ನೆಲದ ಮೇಲೆ ಬೇಟೆಗಾರರೂ ಇರಲಿಲ್ಲ. ಹಾರುವ ಅಗತ್ಯವೇ ಬೀಳಲಿಲ್ಲ.

ತಣ್ಣೀರು ನಿಂತರೆ ಊಟವೂ ನಿಂತಂತೆ. ಪೆಸಿಫಿಕ್‌ನ ಮೇಲ್ನೀರು ಬೆಚ್ಚಗಾಗುವ ವಿದ್ಯಮಾನವೇ ಎಲ್ ನಿನೊ; 1982–83ರಲ್ಲಿ ಅದು ಬಂದಾಗ ಸುಮಾರು ಅರ್ಧದಷ್ಟು ಹಕ್ಕಿಗಳು ಇಲ್ಲವಾದವು. ಬೇರೆ ಕಡಲಹಕ್ಕಿಗಳಾದರೆ ಎದ್ದು ದೂರ ಹೋದಾವು; ಇದು ಹೋಗುವುದೆಲ್ಲಿಗೆ? ಆದರೂ ಅಲ್ಲಿನ ಪೆಂಗ್ವಿನ್‌ಗಳಿಗಿಂತ ಬೇಗ ಚೇತರಿಸಿಕೊಂಡಿತು. ಗುಟ್ಟು ಸಂಸಾರದ ರೀತಿಯಲ್ಲಿದೆ. ಗಂಡು ಕಡಲಪಾಚಿ ತಂದುತಂದು ಕೊಡುತ್ತದೆ, ಹೆಣ್ಣು ಅದನ್ನು ಗೂಡಿಗೆ ಹೆಣೆಯುತ್ತದೆ. ಇಡುವ ಮೊಟ್ಟೆ ಮೂರಾದರೂ ಸಾಮಾನ್ಯವಾಗಿ ಉಳಿಯುವುದು ಒಂದೇ ಮರಿ. ಅದು ಸ್ವಲ್ಪ ಬೆಳೆದದ್ದೇ ತಡ, ಹೆಣ್ಣು ಮರಿಯನ್ನು ಗಂಡಿಗೊಪ್ಪಿಸಿ ಬೇರೊಂದು ಗಂಡಿನ ಜೊತೆ ಹೊಸ ಗೂಡು ಹೂಡುತ್ತದೆ. ಊಟ ಹೇರಳವಾಗಿದ್ದರೆ ವರ್ಷಕ್ಕೊಂದೇ ಬಾಣಂತನ ಎಂದೇನಿಲ್ಲ.

ಜೀವಿಗಳ ಅಳಿವಿನ ಅಪಾಯವನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2011ರಲ್ಲಿ ಇದನ್ನು 'ಅಳಿವಿನಂಚಿನ' ವರ್ಗದಿಂದ ಒಂದು ಮೆಟ್ಟಿಲು ಇಳಿಸಿ, ಅಪಾಯ ಕೊಂಚ ಕಡಿಮೆಯಿರುವ 'ದುರ್ಬಲ' ವರ್ಗಕ್ಕೆ ಸೇರಿಸಿತು. 2019ರ ಎಣಿಕೆಯಲ್ಲಿ 1,914, ಮರುವರ್ಷ 2,220 ಹಕ್ಕಿ ಸಿಕ್ಕವು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಇಡೀ ಕುಲ ಒಂದೇ ಮೂಲೆಯಲ್ಲಿ, ಅಲೆಗೆ ಕೈಚಾಚುವಷ್ಟು ತಗ್ಗಿನಲ್ಲಿ ಗೂಡು ಕಟ್ಟಿದೆ. 2001ರ ಜನವರಿಯಲ್ಲಿ ಜೆಸಿಕಾ ಎಂಬ ಟ್ಯಾಂಕರ್ ನೆಲಕಚ್ಚಿ ಎಣ್ಣೆ ಚೆಲ್ಲಿದ್ದು ಸಾನ್ ಕ್ರಿಸ್ಟೋಬಲ್ ಬಳಿ, ಅಂದರೆ ದ್ವೀಪಸಮೂಹದ ಪೂರ್ವ ತುದಿಯಲ್ಲಿ. ನೀರುಕಾಗೆಗಳಿರುವುದು ಪಶ್ಚಿಮದಲ್ಲಿ, ಅದು ಅದೃಷ್ಟ, ಅಷ್ಟೆ. ಮೀನುಬಲೆ ಇನ್ನೊಂದು ಕಾಟ: ತಳದಲ್ಲಿ ಮೇಯುವ ಹಕ್ಕಿ ಅದರಲ್ಲಿ ಸಿಕ್ಕಿ ಮುಳುಗಿಯೇ ಸಾಯುತ್ತದೆ.

ಇಸಬೆಲಾಕ್ಕೆ ಜನರೊಂದಿಗೆ ನಾಯಿ, ಬೆಕ್ಕು, ಇಲಿ ಬಂದವು. ಫರ್ನಾಂಡಿನಾಕ್ಕೆ ಇವು ಇನ್ನೂ ಕಾಲಿಟ್ಟಿಲ್ಲ. ಅಲ್ಲಿ ಇಳಿಯುವ ಪ್ರವಾಸಿಗರ ಪಾದರಕ್ಷೆಯ ಮರಳು, ಬೀಜ ತೊಳೆಸುತ್ತಾರೆ. ಅದಕ್ಕಿಂತ ಹೆಚ್ಚು ಹೆದರುವುದು ದೋಣಿಯ ಮೂಲೆಯಲ್ಲಿ ಅಡಗಿ ಬರಬಹುದಾದ ಒಂದು ಬಸುರಿ ಇಲಿಗೆ.