ಗ್ರೀನ್ ಪ್ರೈಸಿಂಗ್: ಗಾಳಿ ವಿದ್ಯುತ್ತಿಗಾಗಿ ಗ್ರಾಹಕರೇ ಒಪ್ಪಿ ಕೊಡುವ ಹೆಚ್ಚಿನ ದರ

ಅಮೆರಿಕದ ಹಲವು ಊರುಗಳಲ್ಲಿ ಕೆಲವರ ಕರೆಂಟ್ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಿಗೆ ಇರುತ್ತದೆ. ಪಕ್ಕದ ಮನೆಯವರ ಬಿಲ್ಲಿನಲ್ಲಿ ಅದು ಇಲ್ಲದೆಯೂ ಇರಬಹುದು. ‘ನಾನು ಬಳಸುವಷ್ಟು ಕರೆಂಟನ್ನು ಗಾಳಿಯಂತ್ರಗಳಿಂದ ಕೊಂಡು ತನ್ನಿ, ಅದಕ್ಕೆ ಸ್ವಲ್ಪ ಜಾಸ್ತಿ ಕೊಡುತ್ತೇನೆ’ ಎಂದು ತಾವಾಗಿಯೇ ಹೆಸರು ಬರೆಸಿದವರಿಗೆ ಮಾತ್ರ ಆ ಸಾಲು ಬರುತ್ತದೆ. ವಿದ್ಯುತ್ ಕಂಪನಿಗಳು ನಡೆಸುವ ಈ ಯೋಜನೆಗೆ ಗ್ರೀನ್ ಪ್ರೈಸಿಂಗ್ ಎಂದು ಹೆಸರು. ಇದರಲ್ಲಿ ಸೇರಲೇಬೇಕೆಂಬ ಕಡ್ಡಾಯವಿಲ್ಲ. ಸಾಮಾನ್ಯವಾಗಿ ಬೇಡವೆನಿಸಿದಾಗ ಬಿಡಬಹುದು.

ಇಂಥ ಯೋಜನೆ ಯಾಕೆ ಬೇಕಾಯಿತು? ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಒಂದು ಪ್ರದೇಶಕ್ಕೆ ಒಂದೇ ವಿದ್ಯುತ್ ಕಂಪನಿ. ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟು ಬೇಡ ಎಂದು ಬೇರೆ ಕಂಪನಿಗೆ ಹೋಗುವ ದಾರಿ ಅಲ್ಲಿನ ಗ್ರಾಹಕರಿಗೆ ಇಲ್ಲ. ಇರುವ ಕಂಪನಿಯ ಒಳಗೇ ಒಂದು ಆಯ್ಕೆ ಕೊಟ್ಟರೆ ಹೇಗೆ ಎಂಬ ಯೋಚನೆ 1990ರ ದಶಕದಲ್ಲಿ ಬಂತು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಸಾರ್ವಜನಿಕ ವಿದ್ಯುತ್ ಸಂಸ್ಥೆ 1993ರಲ್ಲಿ ಇದನ್ನು ಸೌರ ವಿದ್ಯುತ್ತಿನಲ್ಲಿ ಪ್ರಯತ್ನಿಸಿತು. ಮನೆಯವರು ತಮ್ಮ ಚಾವಣಿಯನ್ನೂ ಕೊಟ್ಟು, ತಿಂಗಳಿಗೆ 4 ಡಾಲರ್ ಜಾಸ್ತಿಯನ್ನೂ ಕೊಟ್ಟರು!

ಗಾಳಿಯ ವಿಷಯದಲ್ಲಿ ನನಗೆ ತುಂಬ ಇಷ್ಟವಾಗುವ ಉದಾಹರಣೆ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯದು. ಸಣ್ಣ ಊರು, ಊರಿನದೇ ವಿದ್ಯುತ್ ಸಂಸ್ಥೆ. 1996ರಲ್ಲಿ ಅದು 600 ಕಿಲೋವ್ಯಾಟಿನ ಒಂದೇ ಒಂದು ಗಾಳಿಯಂತ್ರ ನಿಲ್ಲಿಸಿತು. ಅದರ ಹೆಚ್ಚಿನ ಖರ್ಚನ್ನು ಊರಿನ ಎಲ್ಲರ ಮೇಲೂ ಹೊರಿಸಲಿಲ್ಲ. ಒಪ್ಪಿ ಮುಂದೆ ಬಂದ ಮನೆಗಳು, ಅಂಗಡಿಗಳು ಯೂನಿಟ್‌ಗೆ 1.58 ಸೆಂಟ್ ಜಾಸ್ತಿ ಕೊಟ್ಟವು. ಕೊಟ್ಟ ದುಡ್ಡಿಗೆ ಏನಾಯಿತು ಎಂದು ಕೇಳಿದವರಿಗೆ ಕೈ ತೋರಿಸಿ ‘ಅದೇ, ಅಲ್ಲಿ ತಿರುಗುತ್ತಿದೆ’ ಎನ್ನಬಹುದಿತ್ತು.

ಮರುವರ್ಷ ಕೊಲರಾಡೊ ರಾಜ್ಯದಲ್ಲಿ ವಿಂಡ್‌ಸೋರ್ಸ್ ಎಂಬ ಇಂಥದೇ ಯೋಜನೆ ಶುರುವಾಯಿತು. ಮುಂದೆ ಅದನ್ನು ಎಕ್ಸೆಲ್ ಎನರ್ಜಿ ಎಂಬ ವಿದ್ಯುತ್ ಕಂಪನಿ ನಡೆಸಿತು. ಅಲ್ಲಿ ಕರೆಂಟನ್ನು 100 ಯೂನಿಟ್‌ಗಳ ‘ಬ್ಲಾಕ್’ ಲೆಕ್ಕದಲ್ಲಿ ಕೊಡುತ್ತಿದ್ದರು. ಒಂದು ಬ್ಲಾಕಿಗೆ ಮಾಮೂಲಿ ದರದ ಮೇಲೆ 2.50 ಡಾಲರ್. ತಿಂಗಳಿಗೆ 900 ಯೂನಿಟ್ ಸುಡುವ ಮನೆ ಪೂರ್ತಿ ಗಾಳಿ ವಿದ್ಯುತ್ತೇ ಬೇಕೆಂದರೆ 9 ಬ್ಲಾಕ್, ಅಂದರೆ 22.50 ಡಾಲರ್ ಜಾಸ್ತಿ. ಅಷ್ಟು ಆಗದವರು ಒಂದೋ ಎರಡೋ ಬ್ಲಾಕ್ ತೆಗೆದುಕೊಳ್ಳಬಹುದಿತ್ತು. ವಯೋಮಿಂಗ್ ಗಡಿಯ ಹತ್ತಿರದ ಪೊನೆಕ್ವಿನ್ ಗಾಳಿ ವಿದ್ಯುತ್ ಕೇಂದ್ರ ಬೆಳೆದದ್ದು ಇಂಥ ಗ್ರಾಹಕರ ಬೇಡಿಕೆಯಿಂದ.

ಹೆಸರು ಬರೆಸಿದ ಮೇಲೆ ಮನೆಗೆ ಗಾಳಿಯ ಕರೆಂಟೇ ಬರುತ್ತದಾ? ಇಲ್ಲ. ಕಲ್ಲಿದ್ದಲು, ಅನಿಲ, ನೀರು, ಗಾಳಿ ಎಲ್ಲದರ ವಿದ್ಯುತ್ತೂ ಒಂದೇ ಗ್ರಿಡ್ಡಿಗೆ, ಅಂದರೆ ವಿದ್ಯುತ್ ತಂತಿಗಳ ಜಾಲಕ್ಕೆ, ಸೇರುತ್ತದೆ. ಅಲ್ಲಿ ಸೇರಿದ ಮೇಲೆ ಬೇರ್ಪಡಿಸಲು ಆಗುವುದಿಲ್ಲ. ಹೆಸರು ಬರೆಸಿದವರ ದೀಪಕ್ಕೂ ಬರೆಸದವರ ದೀಪಕ್ಕೂ ಬರುವ ಕರೆಂಟು ಒಂದೇ. ಗಾಳಿ ನಿಂತ ದಿನ ಇವರ ಮನೆಯಲ್ಲಿ ಕತ್ತಲಾಗುವುದೂ ಇಲ್ಲ. ಬದಲಾಗುವುದು ಗ್ರಿಡ್ಡಿಗೆ ಯಾವ ಮೂಲದಿಂದ ಎಷ್ಟು ಬಂತು, ಅದು ಯಾರ ಹೆಸರಿಗೆ ಸೇರಿತು ಎಂಬ ಲೆಕ್ಕ.

ಈ ಲೆಕ್ಕ ಇಡಲು ಇರುವುದೇ ರಿನ್ಯೂವಬಲ್ ಎನರ್ಜಿ ಸರ್ಟಿಫಿಕೇಟ್, ಅಂದರೆ ಗಾಳಿ, ಬಿಸಿಲಿನಂಥ ಮುಗಿಯದ ಮೂಲಗಳ ವಿದ್ಯುತ್ತಿಗೆ ಕೊಡುವ ಪ್ರಮಾಣಪತ್ರ. ಚಿಕ್ಕದಾಗಿ ಆರ್‌ಇಸಿ. ಗಾಳಿಯಂತ್ರಗಳು 1,000 ಯೂನಿಟ್ ಅಂದರೆ ಒಂದು ಮೆಗಾವ್ಯಾಟ್ ಅವರ್ ಕರೆಂಟು ಕೊಟ್ಟರೆ ಒಂದು ಆರ್‌ಇಸಿ ಹುಟ್ಟುತ್ತದೆ. ಅದಕ್ಕೆ ಅದರದೇ ನಂಬರ್ ಇರುತ್ತದೆ. ವಿದ್ಯುತ್ ಕಂಪನಿ ಗ್ರಾಹಕರ ಪರವಾಗಿ ಅದನ್ನು ಪಡೆದು, ದಾಖಲೆಯಲ್ಲಿ ‘ಬಳಸಿ ಆಯಿತು’ ಎಂದು ಮುಚ್ಚಬೇಕು. ಆಮೇಲೆ ಅದನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಈ ನಿಯಮ ಎಷ್ಟು ಕಟ್ಟುನಿಟ್ಟು ಎಂದರೆ, ಸ್ವಂತ ಚಾವಣಿಯ ಮೇಲೆ ಸೌರ ಫಲಕ ಇಟ್ಟುಕೊಂಡ ಕಂಪನಿ ಕೂಡ ಅದರ ಆರ್‌ಇಸಿಗಳನ್ನೆಲ್ಲ ಮಾರಿಬಿಟ್ಟರೆ ‘ನಾವು ಸೌರ ವಿದ್ಯುತ್ ಬಳಸುತ್ತೇವೆ’ ಎಂದು ಹೇಳಿಕೊಳ್ಳಬಾರದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದು ಸರಿಯಾದ ನಿಯಮ. ಒಂದೇ ಯೂನಿಟ್ಟಿನ ಹೆಸರಲ್ಲಿ ಇಬ್ಬರಿಂದ ಹಣ ಪಡೆದರೆ, ನಂಬಿ ಕೊಟ್ಟವರಿಗೆ ಅದು ಮೋಸವೇ ಅಲ್ವಾ?

ಇದರ ಪಕ್ಕದಲ್ಲೇ ಇನ್ನೊಂದು ಸೂಕ್ಷ್ಮವಿದೆ. ಕೊಲರಾಡೊದ ಮತದಾರರು 2004ರಲ್ಲಿ ಒಂದು ಕಾನೂನು ತಂದರು. 2015ರ ಹೊತ್ತಿಗೆ ದೊಡ್ಡ ವಿದ್ಯುತ್ ಕಂಪನಿಗಳು ಶೇ. 10ರಷ್ಟು ಕರೆಂಟನ್ನು ನವೀಕರಿಸಬಹುದಾದ ಮೂಲಗಳಿಂದ ತರಲೇಬೇಕು ಎಂಬುದು ಅದರ ಗುರಿ. ಆಗ ಪ್ರಶ್ನೆ ಏಳುತ್ತದೆ: ಕಾನೂನಿಗಾಗಿ ಹೇಗೂ ತರಲೇಬೇಕಾದ ವಿದ್ಯುತ್ತನ್ನೇ ತೋರಿಸಿ ಗ್ರಾಹಕರಿಂದ ಜಾಸ್ತಿ ದುಡ್ಡು ಕೇಳಿದರೆ? ಹಾಗಾದರೆ ಹೊಸದಾಗಿ ಏನೂ ಆಗಲಿಲ್ಲ. ಅದಕ್ಕೇ ಒಳ್ಳೆಯ ಯೋಜನೆಗಳಲ್ಲಿ ಗ್ರಾಹಕರು ಒಪ್ಪಿ ಕೊಂಡ ಯೂನಿಟ್‌ಗಳು ಕಾನೂನಿನ ಲೆಕ್ಕದಿಂದ ಹೊರಗೆ, ಅದಕ್ಕಿಂತ ಹೆಚ್ಚುವರಿಯಾಗಿ ಇರಬೇಕು.

ಸಾನ್ ಫ್ರಾನ್ಸಿಸ್ಕೊದ ಸೆಂಟರ್ ಫಾರ್ ರಿಸೋರ್ಸ್ ಸೊಲ್ಯೂಷನ್ಸ್ ಎಂಬ ಲಾಭರಹಿತ ಸಂಸ್ಥೆ 1997ರಿಂದ ‘ಗ್ರೀನ್-ಇ’ ಎಂಬ ಪ್ರಮಾಣಪತ್ರ ಕೊಡುತ್ತಿದೆ. ಅದು ಪರಿಶೀಲಿಸುವುದು ಇಂಥವನ್ನೇ: ಒಂದು ಯೂನಿಟ್ ಎರಡು ಕಡೆ ಮಾರಾಟವಾಗಿದೆಯಾ, ಕಾನೂನಿನ ಪಾಲಿಗೂ ಸೇರಿದೆಯಾ, ಯಂತ್ರ ತೀರಾ ಹಳೆಯದಾ. ಸಾಮಾನ್ಯವಾಗಿ ಕಳೆದ 15 ವರ್ಷಗಳ ಒಳಗೆ ಶುರುವಾದ ಕೇಂದ್ರಗಳಿಗೆ ಮಾತ್ರ ಅದು ಒಪ್ಪಿಗೆ ಕೊಡುತ್ತದೆ.

ಆದರೂ ನನ್ನ ದೃಷ್ಟಿಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು: ಈ ಹಣ ಬರದಿದ್ದರೆ ಆ ಗಾಳಿಯಂತ್ರ ಏಳುತ್ತಿರಲಿಲ್ಲವೇ? ಟ್ರಾವರ್ಸ್ ಸಿಟಿಯಲ್ಲಿ ಉತ್ತರ ಕಣ್ಣಮುಂದೆಯೇ ಇತ್ತು. ಎಲ್ಲ ಯೋಜನೆಗಳೂ ಹಾಗಿಲ್ಲ. ಕೆಲವು ಕಂಪನಿಗಳು ಎಲ್ಲೋ ದೂರದ ರಾಜ್ಯದಲ್ಲಿ ಮೊದಲೇ ತಿರುಗುತ್ತಿರುವ ಯಂತ್ರಗಳ ಆರ್‌ಇಸಿಗಳನ್ನು ಅಗ್ಗಕ್ಕೆ ಕೊಂಡು ತಂದು ಗ್ರಾಹಕರಿಗೆ ಒದಗಿಸುತ್ತವೆ. ಅದು ಸುಳ್ಳಲ್ಲ, ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಅಷ್ಟು ಸಣ್ಣ ಆದಾಯವನ್ನು ನಂಬಿ ಯಾವ ಬ್ಯಾಂಕೂ ಹೊಸ ಕೇಂದ್ರಕ್ಕೆ ಸಾಲ ಕೊಡುವುದಿಲ್ಲ. ಗಾಳಿ ವಿದ್ಯುತ್ತಿನಲ್ಲಿ ಖರ್ಚಿನ ಬಹುಪಾಲು ಯಂತ್ರ ನಿಲ್ಲಿಸುವಾಗಲೇ ಆಗಿಹೋಗುತ್ತದೆ, ಇಂಧನದ ಖರ್ಚು ಆಮೇಲೆ ಇಲ್ಲ. ಹಾಗಾಗಿ ಸಾಲ ಹುಟ್ಟಬೇಕಾದರೆ ‘ಇಷ್ಟು ವರ್ಷ ಇಷ್ಟು ದರಕ್ಕೆ ಕೊಳ್ಳುತ್ತೇವೆ’ ಎಂಬ ಒಪ್ಪಂದ ಬೇಕು. ಅದು 15 ವರ್ಷದ್ದೋ 20 ವರ್ಷದ್ದೋ ಆಗಿರುತ್ತದೆ. ಗ್ರಾಹಕರನ್ನು ಸೇರಿಸಿಕೊಂಡ ಕಂಪನಿ ಅವರ ಬಲದ ಮೇಲೆ ಇಂಥ ದೀರ್ಘ ಒಪ್ಪಂದ ಮಾಡಿಕೊಂಡರೆ ಆ ಹಣಕ್ಕೆ ತೂಕ ಬರುತ್ತದೆ.

ಟೆಕ್ಸಾಸ್‌ನ ಆಸ್ಟಿನ್ ನಗರದ ವಿದ್ಯುತ್ ಸಂಸ್ಥೆ ಆಸ್ಟಿನ್ ಎನರ್ಜಿ 2000ದ ಸುಮಾರಿಗೆ ಗ್ರೀನ್‌ಚಾಯ್ಸ್ ತಂದಾಗ ಇದನ್ನೇ ಬಹಳ ಚೆನ್ನಾಗಿ ಹೊಂದಿಸಿತು. ಅಲ್ಲಿನ ಮಾಮೂಲಿ ಬಿಲ್ಲಿನಲ್ಲಿ ‘ಇಂಧನ ಶುಲ್ಕ’ ಎಂಬ ಭಾಗ ಇತ್ತು. ನೈಸರ್ಗಿಕ ಅನಿಲದ ಬೆಲೆ ಏರಿದರೆ ಅದೂ ಏರುತ್ತಿತ್ತು. ಗ್ರೀನ್‌ಚಾಯ್ಸ್ ಸೇರಿದವರಿಗೆ ಆ ಶುಲ್ಕ ತೆಗೆದು, ಬದಲಿಗೆ ವರ್ಷಗಟ್ಟಲೆ ಬದಲಾಗದ ‘ಗ್ರೀನ್ ಶುಲ್ಕ’ ಹಾಕಿದರು. ಮೊದಲ ತಂಡದವರಿಗೆ ಅದು ಯೂನಿಟ್‌ಗೆ 1.7 ಸೆಂಟ್. ಗಾಳಿಗೆ ಬೆಲೆ ಏರುವುದಿಲ್ಲವಲ್ಲ, ಹಾಗಾಗಿ ಈ ಮಾತು ಕೊಡಲು ಸಾಧ್ಯವಾಯಿತು. ಮುಂದೆ ಅನಿಲದ ಬೆಲೆ ಜಿಗಿದಾಗ ಮಾಮೂಲಿ ಗ್ರಾಹಕರ ಇಂಧನ ಶುಲ್ಕ ಇವರ ಗ್ರೀನ್ ಶುಲ್ಕವನ್ನೇ ದಾಟಿತು. ಪರಿಸರಕ್ಕಾಗಿ ಜಾಸ್ತಿ ಕೊಡಲು ಬಂದವರ ಬಿಲ್ಲು ಕಡಿಮೆಯಾಯಿತು! ಗ್ರಾಹಕರಿಂದ ಬರೀ ಒಳ್ಳೆಯತನ ಕೇಳದೆ, ಗಾಳಿಯಿಂದ ಸಿಗುವ ಲಾಭದಲ್ಲೂ ಪಾಲು ಕೊಟ್ಟ ಯೋಜನೆ ಇದು. ಎಲ್ಲ ಕಂಪನಿಗಳೂ ಇದನ್ನು ಅನುಸರಿಸಬೇಕಿತ್ತು ಎಂದು ನನಗನಿಸುತ್ತದೆ.

ಗ್ರೀನ್ ಪ್ರೈಸಿಂಗ್ ಬಗ್ಗೆ ಒಂದು ತಕರಾರೂ ಇದೆ. ಹೊಗೆ ಕಡಿಮೆಯಾದರೆ ಲಾಭ ಎಲ್ಲರಿಗೂ, ಖರ್ಚು ಮಾತ್ರ ಯಾಕೆ ಕೆಲವರಿಗೆ? ಈ ಮಾತಿನಲ್ಲಿ ಹುರುಳಿದೆ. ಹೆಚ್ಚಿನ ಯೋಜನೆಗಳಲ್ಲಿ ಸೇರುವವರು ನೂರಕ್ಕೆ ಕೆಲವರಷ್ಟೇ. ಇಡೀ ಗ್ರಿಡ್ಡನ್ನು ಬದಲಿಸುವ ಕೆಲಸ ಕಾನೂನಿನಿಂದಲೇ ಆಗಬೇಕು, ಇಂಥ ಸ್ವಂತ ಇಚ್ಛೆಯ ಯೋಜನೆಗಳಿಂದ ಆಗದು. ಆದರೆ ಗಾಳಿ ವಿದ್ಯುತ್ ದುಬಾರಿಯಾಗಿದ್ದ ಕಾಲದಲ್ಲಿ, ಕೊಳ್ಳುವವರು ಇದ್ದಾರೆ ಎಂದು ಕಂಪನಿಗಳಿಗೆ ತೋರಿಸಿದವರು ಈ ಕೆಲವರೇ.

ಈಗ ಗಾಳಿ ಚೆನ್ನಾಗಿ ಬೀಸುವ ರಾಜ್ಯಗಳಲ್ಲಿ ಹೊಸ ಗಾಳಿ ವಿದ್ಯುತ್ತಿನ ಬೆಲೆ ಬಹಳ ಇಳಿದಿದೆ. ಆದ್ದರಿಂದ ಹೆಚ್ಚಿನ ದರ ಕೇಳುವ ಕಂಪನಿ ಅದು ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕು. ಸೇರುವ ಮುನ್ನ ಕೇಂದ್ರದ ಹೆಸರು, ಅದು ಶುರುವಾದ ವರ್ಷ, ಒಪ್ಪಂದದ ಅವಧಿ, ಆರ್‌ಇಸಿಗಳನ್ನು ಯಾರ ಹೆಸರಲ್ಲಿ ಮುಚ್ಚುತ್ತಾರೆ ಎಂಬುದನ್ನು ಕೇಳಿ. ಒಳ್ಳೆಯ ಯೋಜನೆಯಾದರೆ ಇವೆಲ್ಲ ಗ್ರಾಹಕರಿಗೆ ಕೊಡುವ ಮಾಹಿತಿ ಪತ್ರದಲ್ಲೇ ಸಿಗುತ್ತವೆ.